ಹೂವಿನ ಕೋಣೆಯಲ್ಲಿ ಬಾಳೆಹಣ್ಣು

ಇನ್ನು ಮುಂದೆ ನಮ್ಮ ಮನೆ ವಿಜ್ಞಾನದ ಪ್ರಕಾರವೇ ನಡೆಯಬೇಕು ಎಂದು ನಾನು ಘೋಷಿಸಿದಾಗ ಅಪ್ಪ ಊಟ ಮಾಡುತ್ತಿದ್ದರು, ಅಕ್ಕ ತಲೆ ಬಾಚಿಕೊಳ್ಳುತ್ತಿದ್ದಳು, ಅಮ್ಮ ರಿಬ್ಬನ್ ಕತ್ತರಿಸುತ್ತಿದ್ದಳು. ಯಾರೂ ತಲೆ ಎತ್ತಲಿಲ್ಲ. ಘೋಷಣೆಯನ್ನು ನಾನು ಸ್ವಲ್ಪ ಮೆಲ್ಲಗೆ ಮಾಡಿದ್ದೂ ಕಾರಣವಿರಬಹುದು. ನನ್ನ ದನಿಯೇ ಅಂಥದ್ದು. ಅಂಗಡಿಗೆ ಗಿರಾಕಿ ಬಂದರೆ ಅದು ಹಿಂದಿನ ಕೋಣೆಗೆ ಓಡಿಹೋಗುತ್ತದೆ, ಅದರ ಬೆನ್ನಿಗೇ ನಾನೂ ಓಡುತ್ತೇನೆ.

ಅಂಗಡಿ ಅಮ್ಮನದು. ಮನೆಯ ಮುಂದಿನ ಕೋಣೆಯಲ್ಲಿ ಹೂಗುಚ್ಛ ಕಟ್ಟಿ ಮಾರುತ್ತಾಳೆ. ಶಾಲೆ ಬಿಟ್ಟ ಮೇಲೆ ನಾನು ಅವಳ ಜೊತೆ ನಿಂತೆ. ಆಗಿನಿಂದ ನನಗೆ ಪಾಠ ಹೇಳುವುದು ರೇಡಿಯೊ. ಬೆಳಿಗ್ಗೆ ಹೂವಿನ ಕಾಂಡ ಕತ್ತರಿಸುವ ಹೊತ್ತಿಗೆ ಯಾರಿಗೂ ಗೊತ್ತಿಲ್ಲದ ಸಂಗತಿಗಳನ್ನೆಲ್ಲ ಅದು ನನ್ನ ಕಿವಿಗೆ ಸುರಿಯುತ್ತದೆ. ಆಕ್ಟೋಪಸ್‌ಗೆ ಮೂರು ಹೃದಯ! ಸಸ್ಯಶಾಸ್ತ್ರದ ಪ್ರಕಾರ ಬಾಳೆಹಣ್ಣು ಬೆರ್ರಿ, ಆದರೆ ಸ್ಟ್ರಾಬೆರಿ ಬೆರ್ರಿ ಅಲ್ಲ! ಇದನ್ನು ಕೇಳಿದ ದಿನ ಸ್ಟ್ರಾಬೆರಿಯ ಮುಖ ನೋಡಲು ನನಗೇ ಸಂಕೋಚವಾಯಿತು.

ನನ್ನ ಆಡಳಿತದ ಮೊದಲ ದಿನಗಳು ಸುವರ್ಣಯುಗ. ಯಾರಿಂದಲೂ ತೆರೆಯಲಾಗದ ಬಾಟಲಿಯ ಲೋಹದ ಮುಚ್ಚಳವನ್ನು ಬಿಸಿನೀರಿಗೆ ಒಡ್ಡಿ, ಎರಡೇ ಬೆರಳಲ್ಲಿ ತಿರುಗಿಸಿದೆ. ಈರುಳ್ಳಿಯನ್ನು ಫ್ರಿಜ್ಜಿನಲ್ಲಿಟ್ಟು ಆಮೇಲೆ ಹೆಚ್ಚಲು ಕೊಟ್ಟು ಅಕ್ಕನ ಕಣ್ಣೀರು ಉಳಿಸಿದೆ. ಅಕ್ಕ ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಮರುದಿನ ತಾನೇ ಈರುಳ್ಳಿಯನ್ನು ಫ್ರಿಜ್ಜಿಗೆ ಸೇರಿಸಿದಳು. ಚರಿತ್ರೆಯಲ್ಲಿ ಇದಕ್ಕೆ ಶರಣಾಗತಿ ಎನ್ನುತ್ತಾರೆ.

ಹೀಗಿರುವಾಗ ಅಪ್ಪ ಒಂದು ಪೆಟ್ಟಿಗೆ ತುಂಬ ಬೆಣ್ಣೆಹಣ್ಣು ತಂದರು. ಅಪ್ಪ ಬೀಗ ರಿಪೇರಿ ಮಾಡುವವರು. ಯಾರದೋ ಮನೆಯ ಬಾಗಿಲು ತೆರೆದುಕೊಟ್ಟಿದ್ದಕ್ಕೆ ಪ್ರೀತಿಯಿಂದ ಕೊಟ್ಟಿದ್ದರಂತೆ. ಹೆಸರಿಗೆ ಬೆಣ್ಣೆ, ಮುಟ್ಟಿದರೆ ಕಲ್ಲು.

"ಇದರಲ್ಲಿ ಮೊಳೆ ಹೊಡೀಬಹುದು," ಎಂದು ಅಪ್ಪ ಒಂದನ್ನು ಮೇಜಿಗೆ ಕುಟ್ಟಿ ತೋರಿಸಿದರು.

ನಾನು ಎದ್ದು ನಿಂತೆ. ಮಾಗಿದ ಬಾಳೆಹಣ್ಣಿನಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ, ಪಕ್ಕದಲ್ಲಿ ಯಾವ ಕಾಯಿಟ್ಟರೂ ಅದನ್ನು ಹಣ್ಣು ಮಾಡುತ್ತದೆ, ಈ ಕೆಲಸ ನನಗೆ ಬಿಡಿ ಎಂದು ವಿವರಿಸಿದೆ. ಎರಡನ್ನೂ ಒಂದು ಕಾಗದದ ಚೀಲದಲ್ಲಿ ಕಟ್ಟಿಟ್ಟರೆ ಸಾಕು ಎಂದಿತ್ತು ರೇಡಿಯೊ. ಆದರೆ ದೊಡ್ಡ ಕಾರ್ಯಕ್ಕೆ ಇಳಿದವರು ಚೀಲದಷ್ಟಕ್ಕೇ ನಿಲ್ಲುತ್ತಾರೆಯೇ? ಒಂದಿಷ್ಟು ಅನಿಲವೂ ಸೋರಬಾರದು. ಕಿಟಕಿಯಿಲ್ಲದ, ಬಾಗಿಲು ಬಿಗಿಯಾಗಿ ಮುಚ್ಚುವ ಕೋಣೆ ನಮ್ಮ ಮನೆಯಲ್ಲಿರುವುದು ಒಂದೇ. ಕಲೆ ಬಿದ್ದ ಬಾಳೆಹಣ್ಣು ಹಣ್ಣಿನಂಗಡಿಯಲ್ಲಿ ಎಷ್ಟು ಸಿಕ್ಕಿತೋ ಅಷ್ಟನ್ನೂ ತಂದೆ. ಬೆಣ್ಣೆಹಣ್ಣಿನ ಸುತ್ತ ಕೋಟೆ ಕಟ್ಟಿದೆ. ಎಲ್ಲವನ್ನೂ ಆ ಕೋಣೆಯ ಕೆಳಗಿನ ಹಲಗೆಯ ಮೇಲಿಟ್ಟು ಬಾಗಿಲು ಹಾಕಿದೆ.

ಅದು ಅಮ್ಮ ಹೂವಿಡುವ ಕೋಣೆ.

ಮಾರನೆಯ ದಿನ ಬೆಳಿಗ್ಗೆ ಅದೇ ಕೋಣೆಗೆ ಬಕೆಟ್ಟುಗಟ್ಟಲೆ ಬಿಳಿ ಕಾರ್ನೇಷನ್ ಬಂದಿಳಿಯಿತು. ಪಕ್ಕದ ಬೀದಿಯಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬರು ಹೊಸ ಕ್ಲಿನಿಕ್ ತೆರೆಯುವವರಿದ್ದರು. ಉದ್ಘಾಟನೆಯ ಹೂ ಇಷ್ಟವಾದರೆ ವಾರವಾರವೂ ನಮ್ಮಲ್ಲೇ ತರಿಸುತ್ತೇನೆ ಎಂದಿದ್ದರು. ಆ ಒಂದು ಮಾತಿನ ಮೇಲೆ ಅಮ್ಮನ ಅಂಗಡಿ ನಿಂತಿತ್ತು. ಇದೂ ಕೈತಪ್ಪಿದರೆ ಮುಚ್ಚಿಬಿಡೋಣ ಎಂದು ಅವಳು ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತ್ತು. ಬಕೆಟ್ಟುಗಳನ್ನು ನಾನೇ ಒಂದೊಂದಾಗಿ ಜೋಪಾನವಾಗಿ ಒಳಗಿಟ್ಟೆ. ಬಾಗಿಲನ್ನೂ ಜೋಪಾನವಾಗಿ ಮುಚ್ಚಿದೆ.

ಉದ್ಘಾಟನೆಯ ದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದರೆ ಬೆಣ್ಣೆಹಣ್ಣು ನಿಜವಾಗಿಯೂ ಬೆಣ್ಣೆಯಾಗಿತ್ತು! ಬೆರಳಿಟ್ಟರೆ ಒಳಗೆ ಇಳಿಯುತ್ತಿತ್ತು! ಅಪ್ಪನನ್ನು ಕರೆಯಬೇಕು ಎಂದು ತಿರುಗುವಷ್ಟರಲ್ಲಿ ಹೂ ಕಂಡಿತು. ಒಂದೊಂದು ಕಾರ್ನೇಷನ್ನೂ ದಳಗಳನ್ನು ಒಳಕ್ಕೆ ಮಡಚಿಕೊಂಡು, ಮುಸುಕೆಳೆದು ಮಲಗಿಬಿಟ್ಟಿತ್ತು.

ಅಮ್ಮ ಬಂದು ನೋಡಿದಳು. ಆಮೇಲೆ ಫೋನು ಹಿಡಿದು, ಹೂ ಕಳಿಸಿದ ಸಗಟು ವ್ಯಾಪಾರಿಯ ಜನ್ಮ ಜಾಲಾಡಿದಳು. ಹಳಸಲು ಹೂ ಕಳಿಸಿದ್ದೀರಿ, ಹೆಂಗಸು ಅಂತ ಆಟ ಆಡಿಸುತ್ತೀರಾ, ಇಷ್ಟು ದಿನದ ನಂಬಿಕೆಗೆ ಇದೇನಾ ಬೆಲೆ ಎಂದೆಲ್ಲ ಕೇಳಿದಳು. ಆ ಕಡೆಯಿಂದ ಅವರು, ಹಾಗಾದರೆ ನಾಳೆಯಿಂದ ಬೇರೆ ಕಡೆ ನೋಡಿಕೊಳ್ಳಿ ಎಂದು ಫೋನು ಇಟ್ಟುಬಿಟ್ಟರು.

ನಾನು ಬಾಳೆಹಣ್ಣು ನೋಡುತ್ತ ನಿಂತಿದ್ದೆ. ಎಥಿಲೀನ್ ಕಾಯನ್ನು ಹಣ್ಣು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಅದೇ ಎಥಿಲೀನ್ ಕೊಯ್ದ ಹೂವನ್ನು ಬೇಗ ಮುದಿ ಮಾಡುತ್ತದೆ ಎಂಬುದೂ ಗೊತ್ತಿತ್ತು, ಅದನ್ನೂ ರೇಡಿಯೊ ಹೇಳಿತ್ತು. ಆದರೆ ಈ ಎರಡು ಸತ್ಯಗಳು ನನ್ನ ತಲೆಯಲ್ಲಿ ಜಗಳವಾಡಿಕೊಂಡ ನೆರೆಹೊರೆಯವರಂತೆ ಇದ್ದವು. ಒಂದೇ ಗೋಡೆ, ಮಾತುಕತೆ ಇಲ್ಲ!

"ಅಮ್ಮಾ, ಅವರದಲ್ಲ ತಪ್ಪು," ಎಂದೆ. ಉಳಿದದ್ದನ್ನು ವಿವರಿಸಿದೆ.

ಅಮ್ಮ ಅದೇ ನಂಬರನ್ನು ಮತ್ತೆ ಒತ್ತಿದಳು. "ನನಗೆ ಹೇಳಿದ್ದನ್ನ ಅವರಿಗೆ ಹೇಳು," ಎಂದು ಫೋನು ಕೈಗಿಟ್ಟಳು.

ಅಪರಿಚಿತರೊಡನೆ ನಾನು ಫೋನಿನಲ್ಲಿ ಮಾತಾಡಿದವಳೇ ಅಲ್ಲ. ಕಣ್ಣು ಮುಚ್ಚಿಕೊಂಡು ಶುರುಮಾಡಿದೆ. ಅನಿಲ, ಬಾಳೆಹಣ್ಣು, ಕಾರ್ನೇಷನ್, ಕ್ಷಮಾಪಣೆ, ಎಲ್ಲವೂ ಒಂದೇ ಉಸಿರಿನಲ್ಲಿ. ಇನ್ನೇನು ಫೋನು ಇಟ್ಟುಬಿಡುತ್ತಾರೆ ಎಂದುಕೊಂಡೆ.

"ಅಲ್ಲಮ್ಮ," ಎಂದಿತು ದನಿ, "ನಮ್ಮ ವ್ಯಾನಲ್ಲಿ ಹೂ ಜೊತೆ ಸೇಬಿನ ಪೆಟ್ಟಿಗೆ ಹಾಕ್ತಾರಲ್ಲ, ಅದೂ ತಪ್ಪಾ?"

"ತಪ್ಪು," ಎಂದೆ. ನನ್ನ ಜೀವನದ ಅತ್ಯಂತ ದಿಟ್ಟ ಉತ್ತರ ಅದು.

ಸ್ವಲ್ಪ ಹೊತ್ತಿಗೆ ಹೊಸ ಹೂ ಬಂತು, ಸೇಬಿಲ್ಲದ ವ್ಯಾನಿನಲ್ಲಿ! ಬಿಳಿ ಮುಗಿದಿತ್ತು, ಗುಲಾಬಿ ಬಣ್ಣದ್ದು ಕಳಿಸಿದ್ದರು. ಅಮ್ಮನೂ ನಾನೂ ಅಕ್ಕನೂ ಸೇರಿ ಉಸಿರು ಬಿಡದೆ ಕಟ್ಟಿದೆವು. ಅದನ್ನು ಒಯ್ಯುವ ಶಿಕ್ಷೆ ನನ್ನ ಪಾಲಿಗೆ ಬಂತು.

"ಕೊಡು, ನಮಸ್ಕಾರ ಮಾಡು, ಬಾ," ಎಂದಳು ಅಮ್ಮ. "ವಿಜ್ಞಾನ ಮಾತಾಡಬೇಡ."

ಮಾತಾಡುವ ಉದ್ದೇಶ ನನಗೂ ಇರಲಿಲ್ಲ. ಆದರೆ ಕ್ಲಿನಿಕ್ಕಿನ ಮೇಜಿನ ಮೇಲೆ ಹೂಗುಚ್ಛ ಇಟ್ಟು ಹಿಂದೆ ಸರಿದೆನೋ ಇಲ್ಲವೋ, ಅದರ ಪಕ್ಕದಲ್ಲೇ ಒಂದು ಬುಟ್ಟಿ ಕಂಡಿತು. ಸೇಬು! ಬಾಳೆಹಣ್ಣು! ಪೇರಳೆ! ಅಮ್ಮನ ಅಂಗಡಿಯ ಭವಿಷ್ಯ ನನ್ನ ಕಣ್ಣೆದುರೇ ಮತ್ತೆ ಮುಸುಕೆಳೆದುಕೊಳ್ಳಲು ಹೊರಟಿತ್ತು.

ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಅತಿಥಿಗಳೆಲ್ಲ ತಿರುಗಿದರು. ಫೋನಿನಲ್ಲಿ ಪಳಗಿದ ನನ್ನ ದನಿ ಈ ಸಲ ಓಡಿಹೋಗಲಿಲ್ಲ. ಹಣ್ಣಿನ ಬಳಿ ಹೂ ಏಕೆ ಇರಬಾರದು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ, ಯಾವ ಅಂಶವನ್ನೂ ಬಿಡದೆ, ನಿಧಾನವಾಗಿ ವಿವರಿಸಿದೆ. ಹಿಂದಿನ ಸಾಲಿನವರೂ ಕತ್ತು ಚಾಚಿ ಕೇಳಿದರು. ನಾನೇನು ಸಾಮಾನ್ಯಳೇ ಎಂದು ನನಗೇ ಅನ್ನಿಸಿತು!

ಡಾಕ್ಟರಮ್ಮ ಹತ್ತಿರ ಬಂದರು. ಬುಟ್ಟಿಯಿಂದ ಒಂದು ಸೇಬು ತೆಗೆದು ಉಗುರಿನಿಂದ ತಟ್ಟಿದರು. ಟಕ್ ಟಕ್.

"ಪ್ಲಾಸ್ಟಿಕ್ ಕಣಮ್ಮ. ಹಲ್ಲಿಗೆ ಯಾವುದು ಒಳ್ಳೇದು ಅಂತ ಮಕ್ಕಳಿಗೆ ತೋರಿಸೋಕೆ ಇಟ್ಟಿದ್ದು."

ಕೋಣೆಗೆ ಕೋಣೆಯೇ ನಕ್ಕಿತು. ಹೊಸ ಕ್ಲಿನಿಕ್ಕಿನಲ್ಲಿ ಆ ದಿನ ಎಲ್ಲರ ಹಲ್ಲೂ ಒಟ್ಟಿಗೆ ಕಂಡವು. ಡಾಕ್ಟರಮ್ಮ ಮಾತ್ರ ನನ್ನ ಭುಜ ತಟ್ಟಿ, "ಹೂವಿನ ಬಗ್ಗೆ ಇಷ್ಟು ಕಾಳಜಿ ಇರೋರು ನಂಗೆ ಬೇಕು. ವಾರವಾರ ತಂದುಕೊಡೋಕೆ ಅಮ್ಮನಿಗೆ ಹೇಳು," ಎಂದರು.

ಅಂಗಡಿ ಉಳಿಯಿತು! ವಿಜ್ಞಾನವೂ ಗೆದ್ದಿತು! ಎಲ್ಲರಿಗೂ ತಲೆಬಾಗಿ ನಮಸ್ಕರಿಸಿ, ಎದೆಯುಬ್ಬಿಸಿಕೊಂಡು ಗಂಭೀರವಾಗಿ ಮೆಟ್ಟಿಲಿಳಿದೆ. ಬೀದಿಯ ಅರ್ಧದವರೆಗೂ ಬಂದಿದ್ದೆ, ಹಿಂದಿನಿಂದ ಡಾಕ್ಟರಮ್ಮನ ಕೂಗು ಕೇಳಿಸಿತು.

"ಏ ಪುಟ್ಟಿ, ಬುಟ್ಟಿ ಕೊಟ್ಟು ಹೋಗು."