ಕರೆಂಟ್ ಹೋದಾಗ ಬರುವ ಫೋನುಗಳು

ನಮ್ಮ ಕಡೆ ಬಿಸಿಲಿಗೆ ಯಾರೂ ಗಾಬರಿಯಾಗುವುದಿಲ್ಲ. ಅದು ಮನೆಯ ಹಿರಿಯರ ಹಾಗೆ, ಬೈದರೂ ಇರುತ್ತದೆ, ಬಿಟ್ಟರೂ ಇರುತ್ತದೆ. ಗಾಬರಿ ಬೀಳುವುದು ಚಳಿಗಾಲದ ಮಳೆಗೆ. ಎಲ್ಲೋ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು ಎಂದು ಟಿವಿಯಲ್ಲಿ ಹೇಳುತ್ತಾರೆ. ಅದೆಲ್ಲಿ, ನಾವೆಲ್ಲಿ ಎಂದುಕೊಳ್ಳುವಷ್ಟರಲ್ಲಿ ತೊಗರಿ ಹೊಲದ ಮೇಲೆ ಮೋಡ ಕವಿದು, ಗಾಳಿ ಎದ್ದು, ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗಿರುತ್ತದೆ. ಅದರ ಜೀವ ಹೋದ ಕೂಡಲೇ ನನ್ನ ಮೇಜಿನ ಫೋನಿಗೆ ಜೀವ ಬರುತ್ತದೆ.

ನಾನು ಕರೆಂಟ್ ಆಫೀಸಿನಲ್ಲಿ ಜನರ ದೂರು ಕೇಳುವವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಊರೂರು ವರ್ಗವಾಗಿದ್ದೇನೆ. ಊರು ಬದಲಾಯಿತು, ಕುರ್ಚಿ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ: "ಯಾವಾಗ ಬರತೈತಿ?" ನನಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹೀಗಾಗಿ ಕೇಳುವವರಿಗೂ ಹೇಳುವವಳಿಗೂ ತಲೆಬುಡ ತಿಳಿಯದಂಥ ಪ್ರಸಂಗಗಳು ಪ್ರತಿ ಚಳಿಗಾಲವೂ ಒಂದಿಲ್ಲೊಂದು ಆಗುತ್ತಲೇ ಇರುತ್ತವೆ.

ನೀಲಿ ಬಾಗಿಲು

ಇಂಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ. ಸಂಜೆ ಗಾಳಿ ಬೀಸಿ ಅರ್ಧ ಊರು ಕತ್ತಲಾಗಿತ್ತು. ಒಬ್ಬ ಮುದುಕಿಯ ಫೋನ್ ಬಂತು.

"ಯವ್ವಾ, ಲೈಟ್ ಹೋಗ್ಯಾವ. ರೊಟ್ಟಿ ಅರ್ಧಾ ಬಡದೇನಿ, ಇನ್ನರ್ಧಾ ಎಲ್ಲೈತೋ ಕಾಣವಲ್ದು."

"ಎಲ್ಲಿಂದ ಮಾತಾಡಾಕತ್ತೀರಿ, ಆಯಿ?"

"ಅಡಗಿ ಮನ್ಯಾಗಿಂದ."

"ಹಂಗಲ್ರಿ, ಮನಿ ಎಲ್ಲೈತಿ?"

"ಸಾಲಿ ಹಿಂದ."

"ಯಾವ ಸಾಲಿ?"

"ನಮ್ಮ ಮೊಮ್ಮಕ್ಕಳು ಹೋಗೂ ಸಾಲಿ."

ಇಂಡಿಯಲ್ಲಿ ಶಾಲೆಗಳಿಗೇನು ಕಡಿಮೆಯೇ? ಯಾವುದಾದರೂ ಗುರುತು ಹೇಳಿ ಎಂದೆ.

"ಮನಿ ಮುಂದ ದೊಡ್ಡ ಬೇವಿನ ಗಿಡ ಇತ್ತು."

"ಇತ್ತು ಅಂದ್ರ? ಈಗ ಎಲ್ಲೈತಿ?"

"ಈಗ ನಿಮ್ಮ ತಂತಿ ಮ್ಯಾಲ ಐತಿ."

ಕಾರಣವೇನೋ ಸಿಕ್ಕಿತು, ವಿಳಾಸ ಸಿಗಲಿಲ್ಲ. ಬೇರೆ ಗುರುತು ಕೇಳಿದೆ. ಆಯಿ ಸ್ವಲ್ಪ ಯೋಚಿಸಿ, "ನಮ್ಮ ಮನೀದು ನೀಲಿ ಬಾಗಲಾ. ಇಡೀ ಓಣ್ಯಾಗ ನಮ್ಮದೊಂದ ನೀಲಿ" ಎಂದಳು.

"ಆಯಿ, ಈ ಕತ್ತಲದಾಗ ನೀಲಿ ಬಾಗಲಾ ಹೆಂಗ ಕಾಣಬೇಕು? ಎಲ್ಲಾ ಕರ್ರಗ ಕಾಣತಾವ."

ಅತ್ತಲಿಂದ ಲಟ್ಟಣಿಗೆಯೋ ಏನೋ ನೆಲಕ್ಕೆ ಕುಕ್ಕಿದ ಸದ್ದು.

"ಅದನ್ನ ಬಡಕೊಳ್ಳಾಕತ್ತೇನಿ, ಹುಚ್ಚಿ! ಮೊದಲ ಲೈಟ್ ಹಾಕ್ರಿ, ಬಾಗಲಾ ತಾನ ಕಾಣತೈತಿ!"

ಮುನ್ನೆಚ್ಚರಿಕೆ

ಸಿಂದಗಿಯಲ್ಲಿದ್ದಾಗ ನಮ್ಮ ಸಾಹೇಬರು ಬಹಳ ಮುಂದಾಲೋಚನೆಯವರು. ಬಿರುಗಾಳಿ ಬರುತ್ತದೆ ಎಂಬ ಸುದ್ದಿ ಬಂದಾಗ, ಈ ಸಲ ಜನರನ್ನು ಮೊದಲೇ ತಯಾರು ಮಾಡೋಣ ಎಂದು ಒಂದು ಆಟೋಕ್ಕೆ ಮೈಕ್ ಕಟ್ಟಿಸಿ ಊರಲ್ಲಿ ಸಾರಲು ಕಳಿಸಿದರು. "ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿರುವುದರಿಂದ ಸಾರ್ವಜನಿಕರು ಸಹಕರಿಸಬೇಕು" ಎಂದು ಸಾಹೇಬರೇ ಹೇಳಿಕೊಟ್ಟಿದ್ದರು.

ಆಟೋದವನು ಬಸ್ ಸ್ಟ್ಯಾಂಡ್ ತನಕ ಹಾಗೆಯೇ ಹೇಳಿದ. ಆಮೇಲೆ "ವ್ಯತ್ಯಯ" ಅವನ ನಾಲಿಗೆಗೆ ಸಿಕ್ಕಿಕೊಂಡಿತು. ಮಾರ್ಕೆಟ್ಟಿಗೆ ಬಂದಾಗ ತನ್ನದೇ ಭಾಷೆಗೆ ಇಳಿದುಬಿಟ್ಟ:

"ನಾಳೆ ಲೈಟ್ ಹೋಗತಾವ್ರಿ! ಮತ್ತ ಯಾವಾಗ ಬರತಾವೋ ಆ ದೇವರಿಗೇ ಗೊತ್ತು! ಏನೇನ್ ಮಾಡ್ಕೋತೀರಿ, ಇವತ್ತ ಮಾಡ್ಕೊಳ್ರಿ!"

ಊರು ಮಾಡಿಕೊಂಡಿತು. ಎಲ್ಲ ಮನೆಗಳ ನೀರಿನ ಮೋಟಾರು ಒಟ್ಟಿಗೆ ಚಾಲೂ ಆದವು. ಎಲ್ಲ ಗಿರಣಿಗಳ ಮುಂದೆ ಜೋಳದ ಡಬ್ಬಿಗಳ ಪಾಳಿ. ಹಬ್ಬಕ್ಕೆ ಬೇಕಾದ ಖಾರ ಅವತ್ತೇ ಕುಟ್ಟಿಸಿದರು. ವರ್ಷದಿಂದ ಮಡಚಿಟ್ಟಿದ್ದ ಬಟ್ಟೆಗಳಿಗೆ ಇಸ್ತ್ರಿ ಬಿತ್ತು. ನಾಳೆ ಬಿಸಿನೀರು ಸಿಗುವುದಿಲ್ಲವೆಂದು ಮಕ್ಕಳಿಗೆ ಮುಂಜಾನೆ ಒಂದು ಸ್ನಾನ, ಮಧ್ಯಾಹ್ನ ಇನ್ನೊಂದು ಸ್ನಾನ. ಸಂಜೆಯಾಗುವ ಮೊದಲೇ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಊರಿಗೆ ಊರೇ ಕತ್ತಲು.

ಇನ್ನು ಬಿರುಗಾಳಿ ಏನು ಮಾಡಿತು ಅಂತೀರಾ? ದಾರಿಯಲ್ಲಿ ಮನಸ್ಸು ಬದಲಿಸಿ ಆಂಧ್ರದ ಕಡೆ ಹೋಯಿತು. ನಮ್ಮಲ್ಲಿ ಒಂದು ಎಲೆ ಅಲುಗಲಿಲ್ಲ.

ಕರೆಂಟ್ ಹೋದ ಆ ಸಂಜೆ ನಾನು ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದೆ. ಮೊದಲ ಫೋನ್ ಒಬ್ಬ ಬಟ್ಟೆ ಅಂಗಡಿಯವರದು.

"ಮೇಡಂ, ಗಾಳಿ ಬರೂಕಿಂತ ಮೊದಲ ಕರೆಂಟ್ ತಗದ್ರಿ. ತಂತಿ ಹರಿದು ಯಾರಿಗರ ಹೊಡದಿದ್ರ ಏನ್ ಗತಿ? ಇಷ್ಟು ಕಾಳಜಿ ಇರೂ ಆಫೀಸು ನಾ ಎಲ್ಲೂ ನೋಡಿಲ್ರಿ. ನಿಮ್ಮ ಸಾಹೇಬ್ರಿಗೆ ನನ್ನ ಶರಣು ಹೇಳ್ರಿ."

ನಾನು ಬಾಯಿ ತೆರೆದುಕೊಂಡು ಫೋನ್ ಇಟ್ಟೆ. ಸಾಹೇಬರು ಟೇಬಲ್ ಆಚೆಯಿಂದ ಹೆದರಿಕೊಂಡೇ ಕೇಳಿದರು:

"ಬಹಳ ಬೈದ್ರೇನು?"

"ಇಲ್ರಿ ಸರ್, ಹೊಗಳಿದ್ರು. ನಿಮಗ ಶರಣು ಹೇಳಂದ್ರು."

ಸಾಹೇಬರು ಫೋನ್ ಎತ್ತಿ ಕಿವಿಗಿಟ್ಟು ನೋಡಿ ಕೆಳಗಿಟ್ಟರು. ಆಮೇಲೆ ಹೇಳಿದರು:

"ಹಂಗಾರ ರಾಂಗ್ ನಂಬರ್ ಇರಬೇಕು."

ಎಲ್ಲರದೂ ಹೋಗಬೇಕು

ಇದೂ ಸಿಂದಗಿಯದೇ, ಸಣ್ಣದು. ಗಾಳಿಗೆ ಸಡಿಲಾದ ತಂತಿ ಬಿಗಿಯಲು ಕನ್ನೊಳ್ಳಿ ಕಡೆ ಹಗಲಿಡೀ ಕರೆಂಟ್ ತೆಗೆಯುತ್ತೇವೆ ಎಂದು ತಿಳಿಸಿದ್ದೆವು. ಅವತ್ತು ಜಿಟಿಜಿಟಿ ಮಳೆ ಹಿಡಿದು ಕೆಲಸ ನಿಂತಿತು. ಕರೆಂಟ್ ತೆಗೆಯಲಿಲ್ಲ. ಅಲ್ಲಿಯ ಹಿಟ್ಟಿನ ಗಿರಣಿಯವನ ಫೋನ್ ಬಂತು.

"ಏನ್ರೀ ಅಕ್ಕಾರ, ಹೋಗತೈತಿ ಅಂದ್ರಿ, ಇನ್ನೂ ಹೋಗಿಲ್ಲಲ್ಲ!"

ಕರೆಂಟ್ ಹೋಗಿಲ್ಲ ಎಂದು ಬಂದ ದೂರು ನನ್ನ ನೌಕರಿಯಲ್ಲಿ ಅದೊಂದೇ.

"ಇದ್ರ ಛಲೋ ಆತಲ್ರಿ?"

"ಏನ್ ಛಲೋ ಆತು? ಕರೆಂಟ್ ಇರೂದಿಲ್ಲಂತ ಗಿರಣಿ ಬಿಚ್ಚಿಟ್ಟೇನಿ. ರಿಪೇರಿ ಮಾಡಾವ ಬಂದು ಕುಂತಾನ. ಜಲ್ದಿ ತಗೀರಿ."

"ನಿಮ್ಮ ಗಿರಣೀದು ಮೇನ್ ಸ್ವಿಚ್ ಬಂದ್ ಮಾಡಿ ರಿಪೇರಿ ಮಾಡಿಸ್ರಿ. ಅದಕ್ಕ ಇಡೀ ಊರಿಂದು ಯಾಕ ತಗೀಬೇಕು?"

ಅವನು ದನಿ ತಗ್ಗಿಸಿದ.

"ಹಂಗ ನಡಿಯೂದಿಲ್ರಿ. ನಂದೊಂದ ಬಂದ್ ಆದ್ರ ಗಿರಾಕಿ ಎಲ್ಲಾ ಆ ಕಡೆ ಗಿರಣಿಗೆ ಹೋಗತಾರ. ಹೋದ್ರ ಎಲ್ಲಾರದೂ ಹೋಗಬೇಕು!"

ಮಾಸ್ತರ ಬಲ್ಬು

ಮುದ್ದೇಬಿಹಾಳದಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು. ಹಿಂದಿನ ವರ್ಷದ ಗಾಳಿಮಳೆಯಲ್ಲಿ ಕತ್ತಲಲ್ಲಿ ಕೂತು ಬೇಸತ್ತು, ಮರುವರ್ಷದ ಚಳಿಗಾಲಕ್ಕೆ ಮೊದಲೇ ಇನ್ವರ್ಟರ್ ಹಾಕಿಸಿಕೊಂಡಿದ್ದರು. ಇನ್ನು ಇವರ ಫೋನ್ ಬರುವುದಿಲ್ಲ ಎಂದು ನಾನು ಖುಷಿಪಟ್ಟೆ. ಆದರೆ ಈಗ ದಿನಾ ಬರತೊಡಗಿತು.

"ಬಾಯಾರ, ನಮ್ಮ ಮನ್ಯಾಗ ಕರೆಂಟ್ ಐತೇನ್ರಿ?"

ಅವರ ಮನೆಯ ಸಂಗತಿ ನನ್ನನ್ನು ಕೇಳುತ್ತಾರಲ್ಲ ಎಂದು ನನಗೆ ವಿಚಿತ್ರವೆನಿಸಿತು.

"ಲೈಟ್ ಉರಿಯಾಕತ್ತಾವೇನ್ರಿ ಸರ್?"

"ಉರಿಯಾಕತ್ತಾವ."

"ಹಂಗಾರ ಐತ್ರಿ."

"ಇಲ್ದಿದ್ರೂ ಉರಿತಾವ್ರಿ. ಅದಕ್ಕ ಕೇಳಾಕತ್ತೇನಿ."

ಇನ್ವರ್ಟರ್ ಮೇಲೆಯೇ ಸಣ್ಣ ದೀಪ ಇರುತ್ತದೆ, ನೋಡಿಕೊಳ್ಳಿ ಎಂದೆ. "ಅದರ ಮ್ಯಾಲ ನಮ್ಮಾಕಿ ಕಸೂತಿ ಬಟ್ಟಿ ಹಾಸ್ಯಾಳ್ರಿ. ಎತ್ತಿದ್ರ ಬೈತಾಳ" ಎಂದರು.

ಕೊನೆಗೆ ನಮ್ಮ ಲೈನ್‌ಮನ್ ಒಂದು ಉಪಾಯ ಮಾಡಿದ. ಇನ್ವರ್ಟರಿಗೆ ಸೇರದ ಹಾಗೆ ಪಡಸಾಲೆಯಲ್ಲಿ ಒಂದು ಬಲ್ಬು ಹಾಕಿಕೊಟ್ಟ. ಅದು ಉರಿದರೆ ಕರೆಂಟ್ ಇದೆ, ಆರಿದರೆ ಇಲ್ಲ. ಮಾಸ್ತರು ಖುಷಿಯಾದರು, ಫೋನ್ ನಿಂತಿತು.

ಮುಂದೆ ಒಂದು ಗಾಳಿಯ ದಿನ ಮತ್ತೆ ಫೋನ್: "ನಿನ್ನಿಯಿಂದ ಕರೆಂಟ್ ಇಲ್ರಿ!" ಅವರ ಓಣಿಯಲ್ಲಿ ಎಲ್ಲರಿಗೂ ಇತ್ತು. ಲೈನ್‌ಮನ್ ಹೋಗಿ ನೋಡಿದರೆ ಕರೆಂಟ್ ಎಲ್ಲಿಗೂ ಹೋಗಿಲ್ಲ, ಆ ಬಲ್ಬೇ ಸುಟ್ಟಿದೆ. ಇವರು ಬ್ಯಾಟರಿ ಖರ್ಚಾದೀತೆಂದು ಟಿವಿ ಬಂದ್, ಮಿಕ್ಸರ್ ಬಂದ್ ಮಾಡಿ, ಒಂದೇ ದೀಪದ ಕೆಳಗೆ ಇಬ್ಬರೂ ಕೂತಿದ್ದಾರೆ.

ಮಾಸ್ತರು ಲೈನ್‌ಮನ್‌ನನ್ನು ಅಂಗಳಕ್ಕೆ ಕರೆದು ಪಿಸುಗುಟ್ಟಿದರು: "ಹೊಸಾ ಬಲ್ಬ್ ಈಗ ಹಾಕಬ್ಯಾಡಪಾ. ನಿನ್ನಿಯಿಂದ ಧಾರಾವಾಹಿ ಇಲ್ಲ. ಕಲ್ಲಾಗ ಅರದ ಚಟ್ನಿ ಸಿಗಾಕತ್ತೈತಿ. ಇನ್ನಷ್ಟ ದಿನ ಕರೆಂಟ್ ಇಲ್ಲಂತನ ತಿಳಕೊಳ್ಳಲಿ ಆಕಿ."

ಅವನು ನಗು ತಡೆದುಕೊಂಡು ಚೀಲ ತೆಗೆದುಕೊಳ್ಳಲು ಒಳಗೆ ಹೋದ. ಅಡುಗೆ ಮನೆ ಬಾಗಿಲಲ್ಲಿ ಮಾಸ್ತರ ಹೆಂಡತಿ ನಿಂತಿದ್ದರು.

"ತಮ್ಮಾ, ಬಲ್ಬ್ ಸುಟ್ಟೈತಂತ ನನಗ ನಿನ್ನಿನ ಗೊತ್ತೈತಿ. ಇವರು ಟಿವಿ ಸುದ್ದಿ ನೋಡಿ ಒದರಾಡೂದು ನಿಂತೈತಿ. ಅದಕ್ಕ ಸುಮ್ನ ಚಟ್ನಿ ಅರಿಯಾಕತ್ತೇನಿ. ಅವರ ಮುಂದ ಹೇಳಬ್ಯಾಡ."

ಒಂದು ಬಂತು

ಬಸವನ ಬಾಗೇವಾಡಿಯ ಪ್ರಸಂಗ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಅವತ್ತು ಮಾತ್ರ ಬೆವರು ಬಂದಿತ್ತು.

ಚಳಿಗಾಲದ ಸಂಜೆ, ದೀಪ ಹಚ್ಚುವ ಹೊತ್ತು. ಜೋರು ಗಾಳಿಮಳೆಗೆ ರಸ್ತೆಬದಿಯ ದೊಡ್ಡ ಮರ ತಂತಿಯ ಮೇಲೆ ಉರುಳಿತ್ತು. ಒಂದು ಹೆರಿಗೆ ಆಸ್ಪತ್ರೆಯಿಂದ ವಯಸ್ಸಾದ ಯಜಮಾನರೊಬ್ಬರು ಫೋನ್ ಮಾಡಿದರು. ಮಗಳ ಚೊಚ್ಚಲ ಹೆರಿಗೆ. ಜನರೇಟರ್ ಇದೆ, ಆದರೆ ಹೆರಿಗೆ ಕೋಣೆಗೆ ಮಾತ್ರ. ಅದರ ಡೀಸೆಲ್ಲೂ ಮುಗಿಯುತ್ತ ಬಂದಿದೆ, ಈ ಮಳೆಯಲ್ಲಿ ತರಲು ಹೋದವನು ಇನ್ನೂ ತಿರುಗಿ ಬಂದಿಲ್ಲ. "ನೀವು ಆಗಾಗ ಫೋನ್ ಮಾಡ್ರಿ, ನಾನು ಹೇಳತೇನಿ" ಎಂದು ಧೈರ್ಯ ಕೊಟ್ಟೆ. ಅವರಿಗೆ ಕಿವಿ ಮಂದ. ಹೀಗಾಗಿ ನನ್ನ ಮಾತು ಇಡೀ ವರಾಂಡಕ್ಕೆ ಕೇಳುವಂತೆ ಸ್ಪೀಕರ್ ಹಚ್ಚಿದ್ದರು.

ಅಷ್ಟರಲ್ಲಿ ತಾಳಿಕೋಟೆಯಿಂದ ಅಳಿಯನೂ ಅವನ ತಾಯಿಯೂ ತೊಯ್ದು ತಪ್ಪಡಿಯಾಗಿ ಆಸ್ಪತ್ರೆಗೆ ಬಂದು ನಿಂತಿದ್ದಾರೆ. ನರ್ಸು ಬಾಗಿಲಲ್ಲೇ ತಡೆದು, "ಒಳಗ ಬರಬ್ಯಾಡ್ರಿ. ಏನಿದ್ರೂ ಫೋನಿನ್ಯಾಗ ಹೇಳತೇವಿ" ಎಂದಿದ್ದಾಳೆ. ವರಾಂಡದ ಕತ್ತಲಲ್ಲಿ ಮಾವ ಯಾರೋ ಹೆಂಗಸಿನ ಜೊತೆ ಫೋನಿನಲ್ಲಿ ಮಾತಾಡುತ್ತಿರುವುದು ಕೇಳಿ, ಒಳಗಿನ ಡಾಕ್ಟರೇ ಇರಬೇಕು ಎಂದುಕೊಂಡಿದ್ದಾರೆ. ಇದ್ಯಾವುದೂ ನನಗೆ ಆಗ ಗೊತ್ತಿಲ್ಲ. ಮಾರನೇ ದಿನ ಯಜಮಾನರು ಹೇಳಿದಾಗಲೇ ತಿಳಿದದ್ದು.

"ತಂಗೀ, ಬಂತೇನು?" ಎಂದರು ಯಜಮಾನರು.

"ಇನ್ನೂ ಇಲ್ರಿ. ನಡುವ ಅಡ್ಡ ಬಿದ್ದೈತ್ರಿ, ಅದಕ್ಕ ತಡ ಆಗಾಕತ್ತೈತಿ."

ಹಿಂದಿನಿಂದ ಒಬ್ಬ ಹೆಂಗಸು "ಅಡ್ಡ ಬಿದ್ದೈತಂತೋ ಯಪ್ಪಾ!" ಎಂದು ಅಳತೊಡಗಿದಳು. ಮರ ಬಿದ್ದದ್ದಕ್ಕೆ ಇಷ್ಟು ಅಳುವವರು ಇದ್ದಾರಲ್ಲ, ಎಂಥ ಒಳ್ಳೆಯ ಮನಸ್ಸು ಎಂದುಕೊಂಡೆ.

"ಮತ್ತೇನ್ ಮಾಡಾಕತ್ತೀರಿ?"

"ಐದಾರು ಮಂದಿ ಹಗ್ಗ ಹಾಕಿ ಜಗ್ಗಾಕತ್ತಾರ್ರಿ. ಬರಲಿಲ್ಲಂದ್ರ ಜೆಸಿಬಿ ತರಸತೇವಿ."

ಅಲ್ಲಿ ಊಟದ ಡಬ್ಬಿ ಕೈಜಾರಿ ಬಿದ್ದು ಉರುಳಿದ ಸದ್ದು. ಒಬ್ಬ ಗಂಡಸು ಕೂಗಿದ: "ಜೆಸಿಬಿ ಬ್ಯಾಡ್ರಿ! ಕೈ ಮುಗಿತೇನಿ! ನಾವು ವಿಜಾಪುರದ ದೊಡ್ಡ ಆಸ್ಪತ್ರಿಗೆ ಒಯ್ತೇವಿ!"

ಮರವನ್ನು ವಿಜಯಪುರದ ಆಸ್ಪತ್ರೆಗೆ ಯಾಕೆ ಒಯ್ಯುತ್ತಾರೆ? ಕೇಳುವಷ್ಟರಲ್ಲಿ ಫೋನ್ ಕಟ್ ಆಯಿತು.

ಸ್ವಲ್ಪ ಹೊತ್ತಿಗೆ ನಮ್ಮವರು ಮರ ಸರಿಸಿದರು. ಆ ಓಣಿಗೆ ಮೂರು ಫೇಸಿನ ಲೈನು, ಅಂದರೆ ಮೂರು ತಂತಿ, ಒಂದೊಂದಕ್ಕೂ ಕರೆಂಟ್ ಬೇರೆ ಬೇರೆಯಾಗಿ ಬರಬೇಕು. ಮೊದಲ ಫೇಸ್ ಬಂತೆಂದು ನನಗೆ ಸುದ್ದಿ ಬರುವುದಕ್ಕೂ ಯಜಮಾನರ ಫೋನ್ ಬರುವುದಕ್ಕೂ ಸರಿಹೋಯಿತು.

"ತಂಗೀ, ಬಂತೇನು?"

"ಬಂತ್ರೀ! ಒಂದು ಬಂತ್ರೀ!"

ಅತ್ತ ಒಂದೇ ಸಂಭ್ರಮ. ಅಳುತ್ತಿದ್ದ ಹೆಂಗಸು "ನಿನ್ನ ಹೊಟ್ಟಿ ತಣ್ಣಗಿರಲೇ ಯವ್ವಾ" ಎಂದು ಹರಸಿದಳು. ನನಗೂ ಕಣ್ಣು ತುಂಬಿತು. ಹುರುಪಿನಲ್ಲಿ ಇನ್ನಷ್ಟು ಹೇಳಿದೆ:

"ಇನ್ನೂ ಎರಡು ಬರೂದೈತ್ರಿ. ಅವೂ ಈಗ ಬರತಾವ."

ಆಮೇಲೆ ಅದೇ ಗಂಡಸಿನ ದನಿ, ಈ ಸಲ ಬಹಳ ಸಣ್ಣಗೆ:

"ಮೇಡಂ... ಒಂದ ಸಾಕ್ರಿ. ಉಳಿದ ಎರಡು ಅಲ್ಲೇ ನಿಂದರಿಸಾಕ ಬರತೈತೇನು? ನಮ್ಮದು ಸಣ್ಣ ಮನಿ ಐತ್ರಿ."

ಸಂಜೆಯಿಂದ ಬೇಕು ಬೇಕು ಎಂದವರು ಈಗ ಬೇಡ ಎನ್ನುತ್ತಾರಲ್ಲ ಎಂದು ನನಗೆ ಸಿಟ್ಟೇ ಬಂತು.

"ನಿಮಗ ಬ್ಯಾಡಾದ್ರ ಬಿಡ್ರಿ. ಹಿಂದಿನ ಓಣಿಯವರು ಆವಾಗಿಂದ ಕಾಯಾಕತ್ತಾರ. ಅವರಿಗೆ ಕೊಡತೇವಿ!"

ಅಷ್ಟೇ ತಡ, ಆ ಹೆಂಗಸು ಫೋನ್ ಕಸಿದುಕೊಂಡಳು.

"ಯಾರಿಗೆ ಕೊಡತೀ ನೀ? ನಮ್ಮವನ್ನ ಮಂದಿಗೆ ಕೊಡಾಕ ನೀ ಯಾರು? ಮೂರೂ ನಮ್ಮೂವ! ಇವನಿಗೇನ್ ತಿಳಿತೈತಿ, ನಾ ಜ್ವಾಪಾನ ಮಾಡತೇನಿ. ಒಂದೂ ಯಾರಿಗೂ ಕೊಡಬ್ಯಾಡ!"

ಕರೆಂಟನ್ನು ಹೇಗೆ ಜೋಪಾನ ಮಾಡುತ್ತಾರೋ ತಿಳಿಯದೆ ನಾನು "ಆಗಲ್ರಿ" ಎಂದು ಫೋನ್ ಇಟ್ಟೆ.

ಮಾರನೇ ದಿನ ಯಜಮಾನರು ಪೇಡೆ ತಂದು ಕೊಟ್ಟು, ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತ ಇದನ್ನೆಲ್ಲ ಬಿಡಿಸಿ ಹೇಳಿದರು. ನಾವು ಜಗಳಾಡುತ್ತಿದ್ದ ಹೊತ್ತಿಗೇ ಒಳಗೆ ಸುಖವಾಗಿ ಹೆರಿಗೆಯಾಗಿತ್ತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಆರಾಮ. ಕರೆಂಟೂ ಬಂದು ವರಾಂಡವೆಲ್ಲ ಬೆಳಕಾದಾಗ ನರ್ಸು ಮಗುವನ್ನು ತಂದು ಬೀಗತಿಯ ಕೈಗೆ ಕೊಟ್ಟಳಂತೆ. ಆಕೆ ಮೊಮ್ಮಗಳ ಹಣೆಗೆ ಮುತ್ತು ಕೊಟ್ಟು, ಎದೆಗೆ ಅವುಚಿಕೊಂಡು, ನರ್ಸಿನ ಬೆನ್ನ ಹಿಂದೆ ಇಣುಕಿ ನೋಡಿ ಕೇಳಿದಳಂತೆ:

"ಉಳಿದ ಎರಡು ಎಲ್ಲಿ? ಆ ಹಿಂದಿನ ಓಣಿಯವರಿಗೆ ಕೊಟ್ಟ ಬಿಟ್ರೇನು?"