ಜಗಲಿಗೆ ಮುಖ ಮಾಡಿದ ಫ್ಯಾನು

ನಾಚಿಕೆಯ ಸ್ವಭಾವವೇ ವಿಚಿತ್ರ. ಬರಬೇಕಾದ ಹೊತ್ತಿಗೆ ಬರುವುದಿಲ್ಲ, ಬಂದ ಮೇಲೆ ಹೋಗುವುದಿಲ್ಲ. ಕರೆಯದೆ ಬಂದ ನೆಂಟರಾದರೂ ಬಸ್ಸು ತಪ್ಪೀತೆಂದು ಒಮ್ಮೆ ಎದ್ದಾರು. ಇದು ಮಾತ್ರ ಚಾಪೆ ಹಾಸಿಕೊಂಡು ಮಲಗಿಯೇ ಬಿಡುತ್ತದೆ. ಅದರಲ್ಲೂ ಶೋಕಿ ಮಾಡಲು ಹೋಗಿ ಗಳಿಸಿದ ನಾಚಿಕೆ ಇದೆಯಲ್ಲ, ಅದರ ಬಣ್ಣ ಎಷ್ಟು ತೊಳೆದರೂ ಹೋಗದು. ನನ್ನದಂತೂ ಕೆಂಪು, ನೀಲಿ, ಹಸಿರು ಮೂರೂ ಬಣ್ಣದ್ದು.

ಆಗ ನಾನು ಹುಮನಾಬಾದಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಬಸವಕಲ್ಯಾಣದಲ್ಲಿ. ದಿನಾ ಬಸ್ಸು, ಬಸ್ಸು ತಪ್ಪಿದರೆ ಜೀಪು. ಆ ಜೀಪಿನವನು ಮುಂದಿನ ಗಾಜಿನ ಸುತ್ತ ಬಣ್ಣದ ಬಲ್ಬು ಹಾಕಿಸಿ, ಬ್ರೇಕ್ ಒತ್ತಿದಾಗಲೆಲ್ಲ ಅವು ಮಿಣಮಿಣ ಎನ್ನುವಂತೆ ಮಾಡಿದ್ದ. ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತ ನಾವು ಟೀಚರುಗಳು ಅವನ ಶೋಕಿಯನ್ನು ಆಡಿಕೊಂಡು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೇಸಿಗೆಯ ತರಬೇತಿಯೊಂದರಲ್ಲಿ ನಮಗೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ತೋರಿಸಿದರು. ಉಳಿದವರು ಚಹಾದ ದಾರಿ ಕಾಯುತ್ತಿದ್ದಾಗ ನಾನು ಒಳಗೆ ಇಣುಕಿದೆ. 'ಇಷ್ಟೇನಾ?' ಎನಿಸಿತು. ಮನುಷ್ಯರು ಕೆಡುವುದು ಈ 'ಇಷ್ಟೇನಾ'ದಿಂದಲೇ ಎಂದು ಈಗ ನನ್ನ ನಂಬಿಕೆ. ಮನೆಗೆ ಬಂದವಳೇ, ಕಂಪ್ಯೂಟರನ್ನು ಅಂಗಡಿಯಿಂದ ತರುವುದಿಲ್ಲ, ನಾನೇ ಜೋಡಿಸುತ್ತೇನೆ ಎಂದು ಸಾರಿಬಿಟ್ಟೆ. ನಮ್ಮವರದು ಸೀರೆ ಅಂಗಡಿ. ಮಾಲು ತರಲು ಹೈದರಾಬಾದಿಗೆ ಹೋದಾಗಲೆಲ್ಲ ಸೀರೆಯ ಗಂಟಿನ ನಡುವೆ ಒಂದೊಂದು ಭಾಗ ಇಟ್ಟುಕೊಂಡು ಬಂದರು. ಕೊನೆಯ ಸಲ, ನಾನು ಹೇಳದಿದ್ದರೂ, ಒಂದು ಕಡೆ ಗಾಜಿನಂತೆ ಒಳಗೆಲ್ಲ ಕಾಣುವ ಪೆಟ್ಟಿಗೆಯನ್ನೂ ತಿರುಗುವಾಗ ಬಣ್ಣಬಣ್ಣದ ಬೆಳಕು ಬಿಡುವ ಫ್ಯಾನುಗಳನ್ನೂ ತಂದರು. "ಅಂಗಡಿಯವ ಹಚ್ಚಿ ತೋರಿಸ್ದ. ನನಗ ಭಾಳ ಪಸಂದ್ ಆತು. ಬ್ಯಾಡಂದ್ರ ನಮ್ಮ ಸೀರಿ ಅಂಗಡಿಗಿ ಹಾಕ್ತೀನಿ, ನಾಕ್ ಗಿರಾಕಿ ಹೆಚ್ಚ ಬರ್ತಾರ" ಎಂದರು.

ಬೇಡ ಎನ್ನಬೇಕೆಂದೇ ಬಾಯಿ ತೆರೆದೆ. "ಇರಲಿ ಬಿಡ್ರಿ" ಎಂದಿತು ಬಾಯಿ.

ಜೋಡಿಸಿದೆ. ಸುಳ್ಳು ಏಕೆ, ಚೆನ್ನಾಗಿಯೇ ಜೋಡಿಸಿದೆ. ಪೆಟ್ಟಿಗೆಯ ಫ್ಯಾನಿಗೆ ಒಂದು ಮುಖ, ಒಂದು ಬೆನ್ನು ಇರುತ್ತದೆ. ಮುಖದ ಕಡೆಯಿಂದ ಗಾಳಿ ಎಳೆದುಕೊಂಡು ಬೆನ್ನಿನ ಕಡೆ ಬಿಡುತ್ತದೆ. ಬೆಳಕು, ಚೆಲುವೆಲ್ಲ ಮುಖಕ್ಕೆ. ಬೆನ್ನಿಗೆ ಅಡ್ಡಪಟ್ಟಿ, ವೈರು, ಅಂಟಿಸಿದ ಚೀಟಿ. ಮುಂದಿನ ಫ್ಯಾನು ತಂಪು ಗಾಳಿಯನ್ನು ಒಳಗೆ ತರಬೇಕು, ಹಿಂದಿನದು, ಮೇಲಿನದು, ಪಕ್ಕದ್ದು ಬಿಸಿಗಾಳಿಯನ್ನು ಹೊರಗೆ ಹಾಕಬೇಕು. ಹಾಗೆಯೇ ಹಾಕಿದೆ. ಗುಂಡಿ ಒತ್ತಿದಾಗ ನಮ್ಮ ಪಡಸಾಲೆಗೆ ಪಡಸಾಲೆಯೇ ನೀಲಿಯಾಯಿತು. ಎದುರು ಮನೆಯವರು ಬಾಗಿಲಿಗೆ ಬಂದು, "ಏನ್ರಿ ಟೀಚರ್, ಇಷ್ಟ ಲಗೂನೇ ಗಣಪತಿ ಕೂಡಿಸೀರೇನು?" ಎಂದು ಕೇಳಿದರು. ಅವಮಾನವಾಗಬೇಕಿತ್ತು. ನನಗೆ ಹಿಗ್ಗಾಯಿತು. ಮೊದಲೇ ಹೇಳಿದೆನಲ್ಲ, ನಾಚಿಕೆ ಬರಬೇಕಾದಾಗ ಬರುವುದಿಲ್ಲ.

ತಕರಾರು ತೆಗೆದವರು ನಮ್ಮತ್ತೆ. ಅವರಿಗೆ ಬೆಳಕಿನ ಬಗ್ಗೆ ತಕರಾರಿರಲಿಲ್ಲ; ಮೇಜನ್ನು ಇಟ್ಟ ದಿಕ್ಕಿನ ಬಗ್ಗೆ ಇತ್ತು. ಪಡಸಾಲೆಯ ಒಂದು ಮೂಲೆಯಲ್ಲಿ ಅವರ ದೇವರ ಜಗಲಿ. ಲಿಂಗಪೂಜೆ ಮುಗಿಸಿ ಏಳುವಾಗಲೂ ಜಗಲಿಗೆ ಬೆನ್ನು ತೋರಿಸದೆ ನಾಲ್ಕು ಹೆಜ್ಜೆ ಹಿಂದಕ್ಕೇ ನಡೆಯುವ ಜೀವ ಅದು. "ಕಸ್ತೂರಿ, ಇದರ ಬೆನ್ನ ಜಗಲಿ ಕಡಿ ಆಗ್ಯದಲ್ಲವಾ. ದೇವರಿಗಿ ಯಾರರೆ ಬೆನ್ನ ಮಾಡ್ತಾರೇನು?" ಎಂದರು.

"ಪೆಟ್ಟಿಗಿ ತಿರುವಿದ್ರ ವೈರ್ ಮುಟ್ಟಾಂಗಿಲ್ರಿ ಅತ್ತಿ."

"ಪೆಟ್ಟಿಗಿ ಬ್ಯಾಡ. ಆ ಹಿಂದಿನ ಫ್ಯಾನರೆ ತಿರುವಿ ಹಾಕು. ಅದರ ಮಾರಿ ದೇವರ ಕಡಿ ಆಗಲಿ, ಸಾಕು."

ಅವರು ಹೇಳಿದ್ದು ಒಂದು ಫ್ಯಾನು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನು ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ. ಹಿಂದಿನದನ್ನು ತಿರುವಿ ಹಾಕಿದೆ. ಅದರ ಕೆಂಪು ಬೆಳಕು ಜಗಲಿಯ ಮೇಲೆ ಬಿದ್ದು ಬಲು ಸೊಗಸಾಗಿ ಕಂಡಿತು. ಹಾಗಾದರೆ ಬಾಗಿಲಿನಿಂದ ಬರುವವರಿಗೆ ಪಕ್ಕದ ಫ್ಯಾನು ಬೆನ್ನು ತೋರಿಸುವುದು ಯಾವ ನ್ಯಾಯ? ಬಂದವರೂ ದೇವರ ಸಮಾನ ಎಂದು ಅದನ್ನೂ ತಿರುವಿದೆ. ಮೇಲಿನದು ಆಕಾಶಕ್ಕೆ ಬೆನ್ನು ಮಾಡಿತ್ತು, ಅದನ್ನೂ ಬಿಡಲಿಲ್ಲ. ಗಾಳಿ ಎಂದರೆ ಗಾಳಿ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ ಎಂದುಕೊಂಡೆ. ಬಿ.ಎಸ್ಸಿ., ಬಿ.ಎಡ್. ಓದಿದವಳು ಹೀಗೆ ಅಂದುಕೊಂಡಳು ಎಂದರೆ ಶೋಕಿಗೆ ಎಂಥ ಬಲವಿರಬೇಕು ನೋಡಿ.

ಇಲ್ಲಿ ನಮ್ಮ ದೊಡ್ಡತ್ತೆಯ ವಿಷಯ ಹೇಳಬೇಕು. ನಮ್ಮತ್ತೆಗೆ ಅವರು ಹಿರಿಯ ನೆಗೆಣ್ಣಿ, ಅಂದರೆ ನಮ್ಮ ಮಾವನ ಅಣ್ಣನ ಹೆಂಡತಿ; ಹುಮನಾಬಾದಿನಲ್ಲಿರುತ್ತಾರೆ. ನಮ್ಮತ್ತೆ ಎಷ್ಟು ತೆಳ್ಳಗೆ ರೊಟ್ಟಿ ಬಡಿದರೂ ದೊಡ್ಡತ್ತೆಯ ರೊಟ್ಟಿ ಇನ್ನೂ ತೆಳ್ಳಗೆ. ಇವರು ಯಾವ ಸೀರೆ ಉಟ್ಟರೂ ಅವರು ಅದನ್ನು ಹೋದ ವರ್ಷವೇ ಉಟ್ಟು ಬೇಸತ್ತಿರುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಅವರ ಮುಂದೆ ನಮ್ಮತ್ತೆ ಒಮ್ಮೆಯೂ ಎದುರಾಡಿದವರಲ್ಲ. ಆದರೆ ಆ ಬೇಸಿಗೆಯಲ್ಲಿ ದೊಡ್ಡತ್ತೆಯ ಮೊಮ್ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಮಾತು ನನ್ನ ಮೇಲೆ ಬಂತು. "ನಿನ್ನ ಸೊಸಿ ಮನ್ಯಾಗ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂಡ್ತಾಳಂತಲ್ಲ ತಂಗಿ? ಪಗಾರ ಬರ್ತದ, ಆಟ ಆಡ್ತಾಳ. ಆ ಪೆಟ್ಟಿಗಿ ಚಾಲೂ ಆಗ್ತದೋ, ಇಲ್ಲಾ ಬರೇ ಲೈಟೋ?" ಎಂದರು ದೊಡ್ಡತ್ತೆ.

ನಮ್ಮತ್ತೆ ತುತ್ತು ಕೆಳಗಿಟ್ಟು, "ನೀ ಬಂದs ನೋಡಕ್ಕಾ" ಎಂದರು. ಜನ್ಮದಲ್ಲಿ ಅವರು ನೆಗೆಣ್ಣಿಗೆ ತಿರುಗಿ ಕೊಟ್ಟ ಮೊದಲ ಮಾತು ಅದು. ಅದನ್ನು ಅವರು ನನ್ನ ಪೆಟ್ಟಿಗೆಯ ಮೇಲೆ ಭರವಸೆಯಿಟ್ಟು ಆಡಿದ್ದರು.

ದೊಡ್ಡತ್ತೆ ಬಂದೇ ಬಂದರು, ಮೇ ತಿಂಗಳ ಒಂದು ಮಧ್ಯಾಹ್ನ. ಕೈಯಲ್ಲಿ ಅದೇ ಮದುವೆಯ ಸಿ.ಡಿ. ಅವರ ಮನೆಯ ಪ್ಲೇಯರ್ ಕೆಟ್ಟು, ಅದನ್ನಿನ್ನೂ ಅವರು ಕಂಡಿರಲಿಲ್ಲ. ನಮ್ಮತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ಕೂಡಿಸಿದ್ದರು. ಮಂಡಕ್ಕಿಯ ಸುಸಲಾ ಆಯಿತು, ಚಹಾ ಆಯಿತು. ಬಣ್ಣದ ಬೆಳಕು ಹತ್ತಿದಾಗ ಓಣಿಯೆಲ್ಲ "ಅಯ್ಯ ಛಂದ ಅದಲ್ಲ!" ಎಂದಿತು. ನಮ್ಮತ್ತೆ ಸೆರಗು ಸರಿಮಾಡಿಕೊಂಡು ನೆಗೆಣ್ಣಿಯ ಮುಖ ನೋಡಿದರು. ಅವರ ಬೆನ್ನು ಅಷ್ಟು ನೆಟ್ಟಗಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಮದುವೆಯ ದಿನ ಏನೋ ಮುನಿಸಿಕೊಂಡು ಒಳಕೋಣೆ ಸೇರಿದ್ದ ದೊಡ್ಡತ್ತೆಯನ್ನು ಹಿರಿಯರು ಹೋಗಿ ಒಲಿಸಿ ಕರೆತರಬೇಕಾಗಿತ್ತು. ಹೀಗಾಗಿ ಸಿ.ಡಿ.ಯಲ್ಲಿಯೂ ಅವರು ತಡವಾಗಿಯೇ ಬರುವವರಿದ್ದರು. ಸಿ.ಡಿ. ಹಾಕಿದೆ. ಪರದೆಯ ಮೇಲೆ ಗುಲಾಬಿ ಹೂಗಳು ಉದುರಿದವು, ಹೃದಯಗಳು ತಿರುಗಿದವು, ಬೀಗರು ಬಂದರು, ಊಟಕ್ಕೆ ಕೂತರು. ಒಬ್ಬ ಬೀಗರು ಲಾಡುವಿಗೆ ಬಾಯಿ ತೆರೆದರು. ತೆರೆದ ಬಾಯಿ ತೆರೆದೇ ಉಳಿಯಿತು. ಚಿತ್ರ ನಿಂತುಬಿಟ್ಟಿತ್ತು.

ಆರಿಸಿ, ತಡೆದು, ಮತ್ತೆ ಹಚ್ಚಿದೆ. ಮುಂದಕ್ಕೆ ಓಡಿಸಲು ಹೋದರೆ ಸಿ.ಡಿ. ಹಠ ಹಿಡಿಯುತ್ತಿತ್ತು, ಮೊದಲಿನಿಂದಲೇ ನೋಡಬೇಕು. ಮತ್ತೆ ಗುಲಾಬಿ, ಮತ್ತೆ ಹೃದಯ. ಈ ಸಲ ಬೀಗರು ಊರಿನಿಂದ ಬಂದು ಇಳಿಯುವಷ್ಟರಲ್ಲೇ ನಿಂತಿತು. ಮೂರನೆಯ ಸಲ ಗುಲಾಬಿಯೂ ಪೂರ್ತಿ ಉದುರಲಿಲ್ಲ. ಪರದೆ ಸತ್ತಂತೆ ನಿಂತಿದ್ದರೂ ಫ್ಯಾನುಗಳು ಮಾತ್ರ ಕೆಂಪು, ನೀಲಿ, ಹಸಿರು ಚೆಲ್ಲುತ್ತ ತಿರುಗುತ್ತಲೇ ಇದ್ದವು.

"ವೋಲ್ಟೇಜ್ ಕಮ್ಮಿ ಅದರಿ" ಎಂದೆ. ತಲೆಯ ಮೇಲಿನ ಫ್ಯಾನು ಹಾರಿಹೋಗುವಂತೆ ತಿರುಗುತ್ತಿತ್ತು. ಹೆಂಗಸರೆಲ್ಲ ಒಮ್ಮೆ ಅದರತ್ತ, ಒಮ್ಮೆ ನನ್ನತ್ತ ನೋಡಿದರು.

ಸೆಕೆ ತಾಳದೆ ದೊಡ್ಡತ್ತೆ ಎದ್ದು, ಇಷ್ಟು ಫ್ಯಾನಿರುವಲ್ಲಿ ಒಂದಿಷ್ಟು ಗಾಳಿಯಾದರೂ ಸಿಕ್ಕೀತೆಂದು ಪೆಟ್ಟಿಗೆಯ ಹಿಂದೆ ಹೋಗಿ ನಿಂತರು. ಗಾಳಿ ಬರಲಿಲ್ಲ, ಅವರ ಸೆರಗಿನ ಅಂಚೇ ಹೋಗಿ ಜಾಲರಿಗೆ ಅಂಟಿಕೊಂಡಿತು. ಪಕ್ಕಕ್ಕೆ ಬಂದರು, ಅಲ್ಲಿಯೂ ಅಂಟಿತು. "ಇದೇನವಾ ಕಸ್ತೂರಿ, ಎಲ್ಲಾ ಒಳಗs ಎಳಿತಾವ, ಒಂದರೆ ಹೊರಗ ಬಿಡ್ತದೇನು?" ಎಂದರು.

ಆ ಕ್ಷಣ ನನಗೆಲ್ಲ ತಿಳಿಯಿತು. ನಾಲ್ಕು ಕಡೆಯಿಂದ ಮೇ ತಿಂಗಳ ಬಿಸಿಗಾಳಿಯನ್ನು ತುಂಬಿ, ಹೊರಗೆ ಹೋಗಲು ಒಂದು ದಾರಿಯನ್ನೂ ಇಡದೆ ನಾನು ಕಂಪ್ಯೂಟರನ್ನು ಬೇಯಿಸುತ್ತಿದ್ದೆ. ಹೇಳಲು ಬಾಯಿ ತೆರೆದೆ. ಲಾಡುವಿನ ಬೀಗರಂತೆ ಅದು ತೆರೆದೇ ಉಳಿಯಿತು.

"ಅದು ನಂದs ತಪ್ಪಕ್ಕಾ" ಎಂದರು ನಮ್ಮತ್ತೆ. "ಆಕಿ ಬರೊಬ್ಬರಿ ಹಾಕಿದ್ಳು. ದೇವರಿಗಿ ಬೆನ್ನ ಆಗ್ತದಂತ ಎಲ್ಲಾ ತಿರುವಿ ಹಾಕಸ್ದಾಕಿ ನಾನೇ."

"ನಿನಗ್ಯಾಕ ಬೇಕಿತ್ತವಾ ಇಲ್ಲದ ಉಸಾಬರಿ?" ದೊಡ್ಡತ್ತೆಗೆ ಹೋಳಿಗೆ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. "ಓದಿದ ಹುಡುಗಿ ಪಾಪ ಕಷ್ಟಪಟ್ಟು ಜೋಡಿಸ್ಯಾಳ. ನಡುವ ನೀ ಶ್ಯಾಣ್ಯಾತನ ಮಾಡಿ ಕೆಡಿಸ್ದಿ. ಮೊದಲಿಂದ ನೀ ಹಿಂಗs." ಹೋಗುವಾಗ ನನ್ನ ಗಲ್ಲ ಮುಟ್ಟಿ, "ನಿಂದೇನೂ ತಪ್ಪಿಲ್ಲ ಮಗಾ" ಎಂದು ಬೇರೆ ಹೇಳಿದರು. ನಾನು ತಲೆಯಾಡಿಸಿದೆ. ಹೌದು, ಓದುಗರೇ, ತಲೆಯಾಡಿಸಿದೆ.

ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ಹೋಗಿ, "ಅತ್ತಿ, ನೀವು ಅಂದದ್ದು ಒಂದs ಫ್ಯಾನ್ ಅಲ್ಲೇನ್ರಿ?" ಎಂದೆ. ಚಹಾದ ಕಪ್ಪು ತೊಳೆಯುತ್ತಿದ್ದವರು ಹಿಂದಿರುಗಿ ನೋಡಲಿಲ್ಲ. "ಗೊತ್ತದ ಬಿಡು. ನಿನಗ ತಿಳಿಯಾಂಗಿಲ್ಲಂತ ಆಕಿಗಿ ಇವತ್ತ ಹೊಸಾದಾಗಿ ಗೊತ್ತಾಗ್ತಿತ್ತು. ನನಗ ತಿಳಿಯಾಂಗಿಲ್ಲಂತ ಆಕಿಗಿ ಮೊದಲs ಗೊತ್ತದ" ಎಂದರು. ನಾನು ಅಳಬೇಕೋ ನಗಬೇಕೋ ತಿಳಿಯದೆ, ಒರೆಸಿಟ್ಟ ಕಪ್ಪನ್ನೇ ಮತ್ತೆ ಒರೆಸುತ್ತ ನಿಂತೆ.

ಮರುದಿನ ಫ್ಯಾನುಗಳನ್ನು ಸರಿಯಾಗಿ ಹಾಕಿದೆ. ಈಗ ಮತ್ತೆ ಹಿಂದಿನದರ ಬೆನ್ನು ಜಗಲಿಯ ಕಡೆಗೆ. ಅತ್ತೆ ಒಮ್ಮೆ ನೋಡಿ ಒಳಗೆ ಹೋದರು. ಮಾರನೆಯ ಬೆಳಿಗ್ಗೆ ದೀಪ ಹಚ್ಚುವಾಗ ಕೈಮುಗಿದು, "ಹೊಟ್ಟ್ಯಾಗ ಹಾಕ್ಕೊ ಶಿವನೇ, ನಮ್ಮ ಹುಡುಗಿಗಿ ಏನೂ ತಿಳಿಯಾಂಗಿಲ್ಲ" ಎನ್ನುವುದು ಕೇಳಿಸಿತು. ಅಂದಿನಿಂದ ದಿನಾ ಕೇಳಿಸುತ್ತದೆ. ನಾನು ಒಮ್ಮೆಯೂ ಅಡ್ಡಬಾಯಿ ಹಾಕಿಲ್ಲ. ನೆಗೆಣ್ಣಿಯ ಮುಂದೆ ನನಗಾಗಿ ಸುಳ್ಳು ಹೇಳಿದವರು ದೇವರ ಮುಂದೆ ಸುಳ್ಳು ಹೇಳುವವರಲ್ಲ.