ಪಾಪದ ಪಾತ್ರಕ್ಕೆ ಹುರಿದ ಹೆಬ್ಬಾತು

ಸ್ಯಾಕ್ಸನಿಯ ನಮ್ಮ ಕನ್ಯಾಮಠದಲ್ಲಿ ಕಾಯಿಲೆ ಬಿದ್ದವರ ಹೊರತು ಯಾರೂ ಮಾಂಸ ಮುಟ್ಟತಕ್ಕದ್ದಲ್ಲ ಎಂಬ ನಿಯಮ ಹಿಂದಿನಿಂದಲೂ ಜಾರಿಯಲ್ಲಿದೆ. ಅದಕ್ಕೆ ಇಂದಿಗೂ ಯಾವ ಭಂಗವೂ ಬಂದಿಲ್ಲವೆಂದು, ಉಗ್ರಾಣದ ಉಸ್ತುವಾರಿ ಹೊತ್ತ ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ನಮ್ಮ ಗೆರ್ಲಿಂಡಕ್ಕ ಲ್ಯಾಟಿನ್‌ನಲ್ಲಿ ಒಂದು ನಾಟಕ ಬರೆದಳು. ರೋಮಿನ ದುಷ್ಟ ಅಧಿಕಾರಿಯೊಬ್ಬ ಉಪವಾಸದ ದಿನ ಹುರಿದ ಹೆಬ್ಬಾತು ಚಪ್ಪರಿಸುತ್ತಾ ಕ್ರೈಸ್ತ ಕನ್ಯೆಗೂ ಆಸೆ ತೋರಿಸುತ್ತಾನೆ; ಅವಳು ಬೇಡವೆಂದು ಸ್ವರ್ಗ ಸೇರುತ್ತಾಳೆ. ಅಷ್ಟೇ ಕಥೆ. ಬಿಷಪ್ಪರು ನೋಡಿ, ಇದರಿಂದ ಸದ್ಗುಣ ಬೆಳೆಯುತ್ತದೆಂದು ಒಪ್ಪಬೇಕು. ಒಪ್ಪದಿದ್ದರೆ ಆ ಚರ್ಮದ ಹಾಳೆಗಳನ್ನು ಕೆರೆದು ಅಳಿಸಿ, ಮೇಲೆ ಕೀರ್ತನೆ ಬರೆಯತಕ್ಕದ್ದೆಂದು ಅಪ್ಪಣೆಯಾಗಿತ್ತು. ಚಳಿಗಾಲವಿಡೀ ಬೆರಳು ಮರಗಟ್ಟಿಸಿಕೊಂಡು ಬರೆದವಳು, ಪಾಪ, ಅನ್ನ ನೀರು ಬಿಟ್ಟು ಕೂತಿದ್ದಳು.

ಮೊದಲ ತಾಲೀಮಿನಲ್ಲಿ ಹೆಬ್ಬಾತಿನ ಬದಲು ಮೂಲಂಗಿ ಇಟ್ಟೆವು. ಅಧಿಕಾರಿಯ ಪಾತ್ರ ವಹಿಸಿದ್ದ ಸಹೋದರಿ ಓಡಾ ಅದನ್ನು ಕಚ್ಚಿ ಮುಖ ಹಿಂಡಿದಳು. ಮಠದ ಒಡತಿ ಅದಲ್‌ಬುರ್ಗ ಅಮ್ಮನವರು ರೇಗಿದರು.

"ಥೂ, ಇದೆಂಥಾ ಪಾಪ ಕಣ್ರೇ! ಮೂಲಂಗಿ ನೋಡಿ ಯಾವ ಕನ್ಯೆ ಬಾಯಲ್ಲಿ ನೀರೂರುತ್ತೆ? ಆಸೆನೇ ಇಲ್ದೆ ಸದ್ಗುಣ ಎಲ್ಲಿಂದ ಬರುತ್ತೆ?"

"ನಿಜವಾದ ಹೆಬ್ಬಾತೇ ತರಿಸ್ಲಾ ಅಮ್ಮಾ?" ಎಂದೆ.

"ತರಿಸು. ಕೊಬ್ಬಿರೋದು ನೋಡಿ ತರಿಸು."

ಹೆಬ್ಬಾತು ಒಲೆಯಿಂದಿಳಿದದ್ದೇ ತಡ, ಓಡಾಳ ಆತ್ಮದ ಗತಿಯೇನೆಂದು ಇಡೀ ಮಠಕ್ಕೆ ಚಿಂತೆ ಹತ್ತಿತು. ಅಷ್ಟು ಪಾಪವನ್ನು ಒಬ್ಬಳೇ ಹೊರುವುದುಂಟೆ? ಅಮ್ಮನವರು ಪ್ರಕಟಣೆ ಹೊರಡಿಸಿದರು: "ಪಾಪದ ಭಾರವನ್ನು ಸಮನಾಗಿ ಹಂಚುವ ಸಲುವಾಗಿ ಎಲ್ಲ ಸಹೋದರಿಯರೂ ದುಷ್ಟ ಅಧಿಕಾರಿಯ ಪಾತ್ರ ವಹಿಸತಕ್ಕದ್ದು. ಹಲ್ಲಿಲ್ಲದವರಿಗೆ ಪಾಪವನ್ನು ಸಣ್ಣಗೆ ಕೊಚ್ಚಿ ಕೊಡತಕ್ಕದ್ದು."

ಕನ್ಯೆಯ ಪಾತ್ರಕ್ಕೆ ಯಾರೂ ಉಳಿಯಲಿಲ್ಲ.

"ಬರೆದೋಳು ನೀನಲ್ವೇನೇ? ನೀನೇ ಬೇಡ ಅನ್ನು," ಎಂದರು ಅಮ್ಮನವರು ಗೆರ್ಲಿಂಡಕ್ಕನಿಗೆ.

"ಅಮ್ಮಾ, ನನಗೂ ಒಂದೇ ಒಂದು ತುಂಡು..."

"ತಿಂದ್ಯೋ, ನಿನ್ನ ಹಾಳೆ ಕೆರೀತಾರೆ ನೋಡ್ಕೋ!"

ಬಿಷಪ್ಪರ ಮುಂದೆ ನಾವೆಲ್ಲ ಅವಳನ್ನು ಸುತ್ತುವರಿದು, ಗದ್ದಕ್ಕೆ ಜಿಡ್ಡು ಸುರಿಸುತ್ತಾ "ತಿನ್ನೇ, ತಿನ್ನೇ!" ಎಂದು ಅಬ್ಬರಿಸಿದೆವು. ಅಮ್ಮನವರ ಎರಡೂ ಕೈಯಲ್ಲಿ ಹೆಬ್ಬಾತಿನ ಕಾಲುಗಳಿದ್ದವು. ಗೆರ್ಲಿಂಡಕ್ಕ ಒಮ್ಮೆ ಹೆಬ್ಬಾತು ನೋಡಿದಳು, ಒಮ್ಮೆ ಹಾಳೆ ನೋಡಿದಳು. ಕಣ್ಣಲ್ಲೂ ನೀರು, ಬಾಯಲ್ಲೂ ನೀರು. ಆಮೇಲೆ ಲ್ಯಾಟಿನ್‌ನಲ್ಲಿ "ಬೇಡ!" ಎಂದು ಕಿರುಚಿದ್ದಕ್ಕೆ ಸೂರಿನ ಪಾರಿವಾಳಗಳೆಲ್ಲ ಹಾರಿಹೋದವು. ನಾನಂತೂ ಅವಳನ್ನು ನೋಡಲಾಗದೆ ಮುಖ ತಿರುಗಿಸಿಕೊಂಡೆ, ಆದರೂ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಸದ್ಗುಣ ಅಂದ್ರೆ ಇದಪ್ಪಾ!" ಬಿಷಪ್ಪರು ಕಣ್ಣೊರೆಸಿಕೊಂಡರು. "ಆದ್ರೆ ಆಸೆ ಅಸಲಿಯೋ ನಕಲಿಯೋ ಪರೀಕ್ಷೆ ಮಾಡ್ದೆ ಒಪ್ಪಿಗೆ ಕೊಡೋಕಾಗಲ್ಲ. ಆ ಎದೆ ಭಾಗ ಇತ್ಲಾಗ್ ಕೊಡಿ."

ಪರೀಕ್ಷೆ ಮೂಳೆಯವರೆಗೆ ನಡೆಯಿತು. ತೀರ್ಪು ಹೀಗಿತ್ತು: ನಾಟಕವನ್ನು ಅಳಿಸತಕ್ಕದ್ದಲ್ಲ, ಪ್ರತಿ ಉಪವಾಸದ ದಿನವೂ ಆಡತಕ್ಕದ್ದು, ಬೇಡವೆಂದ ಅನುಭವ ಬೇರಾರಿಗೂ ಇಲ್ಲದ ಕಾರಣ ಕನ್ಯೆಯ ಪಾತ್ರ ಗೆರ್ಲಿಂಡಳಿಗೇ ಖಾಯಂ.

ಗೆರ್ಲಿಂಡಕ್ಕ ಹಾಳೆಗಳನ್ನು ಎದೆಗವಚಿಕೊಂಡು ನಗತೊಡಗಿದಳು. "ಉಳೀತು ಕಣೇ ನನ್ನ ನಾಟಕ! ನಾಳೆಯಿಂದ ಇನ್ನೊಂದು ಬರೀತೀನಿ. ಅದ್ರಲ್ಲಿ ಕನ್ಯೆಗೆ ಕಾಯಿಲೆ."

ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಇಡೀ ಮಠ ಕೆಮ್ಮುತ್ತಿತ್ತು. ಅಮ್ಮನವರದೇ ಎಲ್ಲರಿಗಿಂತ ಜೋರು.